ಒಣ ಹೊಳಿಗೆ ಉಡಿ

ಗುಡುಗು ಸಿಡ್ಲಿಗೆ ಹೆದರೋ ಪೈಕಿ ನಾ ಅಲ್ಲ. ಆಳಂದ ಕಡಿ ನಿಂಬರ್ಗಾದಾಗ ಹುಟ್ಟಿ ಬೆಳದಾಕಿ. ನಮ್ಮ ಎರಿ ಸೀಮ್ಯಾಗ ಮಳಿ ಬರೋದು ಹರದಾರಿ ದೂರದಿಂದಲೇ ಕಾಣ್ತದ. ತೊಗರಿ ಹೊಲದಾಗ ಕಸ ತೆಗಿಯೋ ಹೆಣ್ಮಕ್ಕಳು ಅದನ್ನ ನೋಡಿ, ಬುತ್ತಿ ಗಂಟು ಕಟ್ಟಿ, ಒಬ್ಬರನ್ನೊಬ್ಬರು ಚಾಷ್ಟಿ ಮಾಡ್ಕೋತ ಮನಿ ಮುಟ್ಟೂತನಾ ಅದು ಕಾಯ್ತದ. ಗುಡುಗಿದ್ರೂ ಆಕಾಶದ ಈ ಮೂಲಿಯಿಂದ ಆ ಮೂಲಿಗೆ ಉರುಳಿ ಹೋಗಿಬಿಡ್ತದ. ಬಯಲು ಸೀಮಿ, ಹೋಗಾಕ ಜಾಗ ಅದ. ಒಮಾನ್ ದೇಶದಾಗ ಆ ರಾತ್ರಿ ನಾ ಕೇಳಿದ ಗುಡುಗಿಗೆ ಹೋಗಾಕ ಜಾಗಾನೇ ಇರ್ಲಿಲ್ಲ. ಮೂರು ಕಡಿ ಕಲ್ಲಗುಡ್ಡ. ಒಂದಕ್ಕ ಬಡದು, ಇನ್ನೊಂದಕ್ಕ ಬಡದು, ಹೊಳ್ಳಿ ನಮ್ಮ ಮನಿ ಮ್ಯಾಲೇ ಬಂದು ಬೀಳ್ತಿತ್ತು. ಈಗ ಮೊಮ್ಮಕ್ಕಳು ದೀಪಾವಳಿಗೆ ದೊಡ್ಡ ಪಟಾಕಿ ಹಚ್ಚಿದ್ರೂ ನನ್ನ ಎದಿ ಧಸಕ್ ಅಂತದ. ಅವು ನಗತಾವ. ನಗಲಿ, ಅವಕ್ಕೇನು ಗೊತ್ತು.

ಎಂಬತ್ತರ ದಶಕದ ಮಾತು ಇದು. ನನ್ನ ಕೊಟ್ಟಿದ್ದು ಅಫಜಲಪುರ ತಾಲೂಕಿನ ಮಣ್ಣೂರಿಗೆ, ಭೀಮಾ ಹೊಳಿ ದಂಡಿ ಊರು. ನಮ್ಮ ಮನಿಯವರು ಗುಲಬರ್ಗಾದಾಗ ಐಟಿಐ ಕಲ್ತು, ಜನರೇಟರ್ ರಿಪೇರಿ ಕೆಲಸ ಹಿಡದು, ಗೆಳೆಯನೊಬ್ಬನ ಮಾತು ಕೇಳಿ ಒಮಾನಿಗೆ ಹೋಗಿದ್ರು. ಮಸ್ಕತ್ತಿನಿಂದ ಅರ್ಧಾ ದಿನದ ಹಾದಿ, ಗುಡ್ಡದ ಬುಡಕ ಒಂದು ಸಣ್ಣ ಊರು. ಅಲ್ಲಿ ಊರಿಗೆಲ್ಲಾ ಕರೆಂಟ್ ಕೊಡೋ ದೊಡ್ಡ ಮಷೀನಿನ ಹತ್ರ ಅವರ ಡ್ಯೂಟಿ. ಮನಿ ಸಿಕ್ಕಮ್ಯಾಲ ನನ್ನನ್ನೂ ಕರಿಸ್ಕೊಂಡ್ರು. ಎರಡು ಖೋಲಿ, ಒಂದು ಅಡಗಿಮನಿ. ಹಿತ್ತಲ ಬಾಗಲಾ ತೆಗದ್ರ ಮುಂದ ಒಣ ಹೊಳಿ.

ಒಣ ಹೊಳಿ ಅಂದ್ರ ಎಂಥಾದು? ಭೀಮಾನ ಅರ್ಧಾ ಅಗಲ ಇತ್ತು, ಆದ್ರ ನೀರು ಒಂದು ಹನಿ ಇಲ್ಲ. ಬರೇ ಉರುಟು ಕಲ್ಲು. ಅಲ್ಲಿ ಮಂದಿ ಅದರಾಗೇ ಗಾಡಿ ನಿಲ್ಲಸ್ತಿದ್ರು, ಆಡು ಕಟ್ತಿದ್ರು, ಸಂಜಿ ಮುಂದ ಕುಂತು ಹರಟಿ ಹೊಡೀತಿದ್ರು. ನಮ್ಮ ಮನಿಯವರು ಡ್ಯೂಟಿಗೆ ಹೋಗೋದೂ ಅದನ್ನೇ ದಾಟಿ, ಆಚೀ ದಂಡಿಗೆ. ನಾ ಅಲ್ಲಿಗೆ ಬಂದಾಗಿಂದ ಅದರಾಗ ನೀರು ಅನ್ನೋದು ಕಂಡಿರ್ಲಿಲ್ಲ.

ನಾ ಬಸರಾದೆ. ನಮ್ಮವ್ವ ನಾ ಸಣ್ಣಾಕಿ ಇದ್ದಾಗೇ ತೀರಿಕೊಂಡಿದ್ಲು. ತವರುಮನ್ಯಾಗ ಬಾಣಂತನ ಮಾಡೋರು ಯಾರೂ ಇಲ್ಲ. ಅದಕ್ಕ ನಮ್ಮತ್ತಿನೇ ಬರ್ತೀನಿ ಅಂತ ಹಟ ಹಿಡದ್ಲು. ಮಣ್ಣೂರು ಬಿಟ್ರ ಸೊಲ್ಲಾಪುರ ಒಂದೇ ಕಂಡಾಕಿ, ವಿಮಾನ ಹತ್ತಿ ಬಂದ್ಲು ನೋಡ್ರಿ! ಜೋಳದ ಹಿಟ್ಟು, ಶೇಂಗಾ ಹಿಂಡಿ, ತಾನೇ ಹೊಲಿದ ಕೌದಿ, ರೊಟ್ಟಿ ಸುಡೋ ಕಬ್ಬಿಣದ ಹಂಚು, ಸೀಮಂತದಾಗ ನನಗ ಕುಬಸ ಮಾಡಾಕಂತ ಒಂದು ಹಸರು ಖಣ, ಎಲ್ಲಾ ಗಂಟು ಕಟ್ಟಿ ತಂದಿದ್ಲು. ವಿಮಾನ ನಿಲ್ದಾಣದಾಗ ಪೊಲೀಸರು ಹಿಂಡಿ ಪುಡಿ ಮೂಸಿ ನೋಡಿ ಸೀನಿದ್ರಂತ. "ಮೂಸಂತ ಹೇಳ್ದಾರ್ಯಾರು ಆ ಭಾಡ್ಯಾಗ?" ಅಂತ ಮನಿಗೆ ಬಂದಮ್ಯಾಲೂ ಬೈಯಾಕತ್ತಿದ್ಲು.

ಬಾಯಿ ಜೋರು. ಆದ್ರ ಅಂತಃಕರಣ ಇತ್ತು. ನಾ ವಾಂತಿ ಮಾಡಿದ್ರ ಬೆನ್ನು ತಿಕ್ಕತಿದ್ಲು, ತಿಕ್ಕೋವಾಗೂ ಬೈತಿದ್ಲು. ನಾನೂ ಆಕಿಗೆ ಹೌದ್ರಿ, ಬರ್ರಿ, ಉಣ್ರಿ ಅಂತ ತಲಿ ಮ್ಯಾಲ ಸೆರಗು ಹೊದ್ದು ಮಾತಾಡ್ತಿದ್ದೆ. ಪರದೇಶಕ್ಕ ಬಂದೀವಂತ ಅದನ್ನೇನು ಬಿಟ್ಟಿರ್ಲಿಲ್ಲ. ಅತ್ತಿ ಮುಂದ ಕಟ್ಟಿ ಮ್ಯಾಲ ಕುಂದರೋದೂ ಇಲ್ಲ.

ಬಾಜೂ ಮನ್ಯಾಗ ಒಬ್ಬಾಕಿ ಬಲೂಚಿ ಹೆಣ್ಮಗಳು ಇದ್ಲು. ಐವತ್ತು ದಾಟಿದಾಕಿ, ಗಂಡ ಇಲ್ಲ, ಆಡು ಸಾಕಿ ಜೀವನ ಮಾಡ್ತಿದ್ಲು. ಆಕಿಗೆ ಉರ್ದು ಬರ್ತಿತ್ತು. ಆಳಂದ ಕಡಿಯಾಕಿ ನಾ, ನನಗ ಉರ್ದು ಅಂದ್ರ ಓಣಿ ಭಾಷಾ. ಹಂಗಾಗಿ ಇಬ್ಬರಿಗೂ ಹೊಂದಿಕಿ ಆತು. ನಮ್ಮತ್ತಿಗೂ ಆಕಿಗೂ ಒಂದು ಮಾತೂ ತಿಳೀತಿರ್ಲಿಲ್ಲ. ಆದ್ರೂ ಈಕಿ ರೊಟ್ಟಿ ಕೊಡೋದು, ಆಕಿ ಖಜೂರ ಕೊಡೋದು, ಇಬ್ಬರೂ ತಂತಮ್ಮ ಭಾಷ್ಯಾಗ ತಾಸುಗಟ್ಟಲೆ ಮಾತಾಡೋದು ನಡೀತಿತ್ತು. ನಾ ನಡುವ ತಿಳಿಸಿ ಹೇಳಾಕ ಹೋದ್ರ "ನೀ ಸುಮ್ಮನಿರಬೇ" ಅಂತಿದ್ಲು ಅತ್ತಿ.

ಆಕಿಗೆ ಒಗ್ಗಲಾರದ್ದು ಆ ಒಣ ಹೊಳಿ ಒಂದೇ. ದಿನಾ ಮುಂಜಾನಿ ಹಿತ್ತಲ ಬಾಗಲಾ ತೆಗದು ನೋಡ್ತಿದ್ಲು, ತುಟಿ ಕಚ್ಚತಿದ್ಲು. "ಹೊಳಿ ತಾಯಿ ಎದಿ ಮ್ಯಾಲ ಗಾಡಿ ನಿಲ್ಲಸ್ತಾರ. ನಾಚಿಕಿಲ್ಲ, ಮಾನಿಲ್ಲ. ಆಕಿ ಹೆಂಗ ಬರ್ತಾಳ?"

ಮಣ್ಣೂರಾಗ ಹೊಳಿ ಅಂದ್ರ ಮನಿ ಹಿರಿಯಾಕಿ ಇದ್ದಂಗ. ಮಹಾರಾಷ್ಟ್ರದ ಘಟ್ಟದಾಗ ಮಳಿಯಾಗಿ ಹೊಸ ನೀರು ಬರ್ತದ, ಕೆಂಪಗ, ನೊರಿ ಹೊತ್ಕೊಂಡು. ಬರೋಕ್ಕಿಂತ ಮೊದಲೇ ಮ್ಯಾಲಿನ ಊರಿಂದ ಸುದ್ದಿ ಬರ್ತದ. ಆಮ್ಯಾಲ ನೀರು ದಂಡಿ ಮೆಟ್ಟಲದ ಒಂದು ಪಾವಟಿಗಿ ಏರ್ತದ, ಸ್ವಲ್ಪ ಹೊತ್ತಿಗೆ ಇನ್ನೊಂದು ಪಾವಟಿಗಿ. ಹೆಣ್ಮಕ್ಕಳು ಅರಿಷಿಣ ಕುಂಕುಮ, ಅಕ್ಕಿ, ಕೊಬ್ಬರಿ, ಖಣ ತಗೊಂಡು ಹೋಗಿ ಹೊಳಿಗೆ ಉಡಿ ತುಂಬತಾರ. ನೀರು ಪಾದಕ್ಕ ಬಂದ್ರ ಒಂದು ಹೆಜ್ಜಿ ಹಿಂದ ಸರೀತಾರ, ಮತ್ತ ಬಂದ್ರ ಮತ್ತೊಂದು. ಮನ್ಯಾಗ ಬಸರಿ ಇದ್ರಂತೂ ಹೊಸ ನೀರಿಗೆ ಉಡಿ ತುಂಬಲೇಬೇಕು, ಇಲ್ಲಂದ್ರ ಹೆರಿಗಿ ಸುಸೂತ್ರ ಆಗಂಗಿಲ್ಲ ಅಂತ ನಮ್ಮತ್ತಿ ನಂಬಿಕಿ. "ಹೊಳಿ ಹೇಳಿ ಬರ್ತಾಳ," ಅಂತಿದ್ಲು. "ಹೇಳದ ಬರೋವು ಬೆಂಕಿ, ಕಳ್ಳ ಎರಡೇ."

ಆ ದಿನ ಮಧ್ಯಾಹ್ನದಿಂದಲೇ ಗಾಳಿ ಬಂದ್ ಆಗಿತ್ತು. ಮೈಗೆ ಅಂಟಂಟು ಬೆವರು. ಸಂಜಿಗೆ ಗುಡ್ಡದ ಹಿಂದ ಮುಗಲು ಕರ್ರಗ ಆತು. ನಮ್ಮ ಮನಿಯವರಿಗೆ ರಾತ್ರಿ ಡ್ಯೂಟಿ. ಹೊಂಟಾಗ ನನಗ "ಅವ್ವನ್ನ ಜ್ವಾಕಿ ಮಾಡು" ಅಂದ್ರು, ಅವ್ವಗ "ಆಕಿನ್ನ ಜ್ವಾಕಿ ಮಾಡು" ಅಂದ್ರು. ಇಬ್ಬರೂ ಹೂಂ ಅಂದ್ವಿ.

ಉಂಡು ಮಲಗೋ ಹೊತ್ತಿಗೆ ಶುರುವಾತು. ಮೊದಲ ಧೂಳು. ಕಿಡಕಿ ಮುಚ್ಚಿದ್ರೂ ಬಾಯಾಗ ಮಣ್ಣು. ಆಮ್ಯಾಲ ಒಮ್ಮೆಲೇ ಖೋಲಿ ಎಲ್ಲಾ ಬೆಳ್ಳಗಾತು, ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ಅಕ್ಷರ ಓದಬಹುದಿತ್ತು. ಕಣ್ಣು ಮುಚ್ಚೂದ್ರಾಗ ಸಿಡ್ಲು ಬಡೀತು. ಯವ್ವಾ ನನ್ನವ್ವ! ಅಂಥಾ ಸಪ್ಪಳ ನಾ ಕೇಳಿರ್ಲಿಲ್ಲ. ಕರೆಂಟ್ ಹೋತು. ಪಾತ್ರಿ ಸ್ಟ್ಯಾಂಡಿನ ತಾಟು ತಾವಾಗೇ ಗಲಗಲ ಅಂದ್ವು. ಹೊಟ್ಟ್ಯಾಗಿನ ಕೂಸು ಕೂಡ ಒಮ್ಮೆ ಜಾಡಿಸಿ ಒದೀತು. ನಾ ಎರಡೂ ಕೈಲೆ ಹೊಟ್ಟಿ ಹಿಡಕೊಂಡು ಗ್ವಾಡಿಗೆ ಬೆನ್ನು ಆನಿಸಿ ಕುಂತೆ. ಗುಡುಗು ಮುಗೀತು ಅಂತ ಉಸಿರು ಬಿಡೂದ್ರಾಗ ಅದೇ ಗುಡುಗು ಗುಡ್ಡಕ್ಕ ಬಡದು ತಿರುಗಿ ಬರ್ತಿತ್ತು.

ಅತ್ತಿ ಮಾತ್ರ ಎದ್ದು ಕೆಲಸಕ್ಕ ನಿಂತ್ಲು. ಕಬ್ಬಿಣದ ಹಂಚು ತಂದು ಅಂಗಳಕ್ಕ ಒಗದ್ಲು. ಸಿಡ್ಲು ಬೀಳೋದಿದ್ರ ಅದರ ಮ್ಯಾಲ ಬೀಳಲಿ, ಮನಿ ಮ್ಯಾಲ ಬ್ಯಾಡ ಅಂತ. ಕೌದಿ ತಗೊಂಡು ಕಿಡಕಿಗೆ ಕಟ್ಟಿದ್ಲು. "ಬಸರಿ ಹೆಂಗಸು ಮಿಂಚು ನೋಡಬಾರ್ದು. ಕೂಸಿನ ಕಣ್ಣಿಗೆ ಬರ್ತದ. ಕಣ್ಣು ಮುಚ್ಚು."

"ಮುಚ್ಚೀನ್ರಿ ಅತ್ತಿ."

"ನಿನ್ನ ಬುದ್ಧಿ ನನಗ ಗೊತ್ತಿಲ್ಲೇನು? ನಾ ಅತ್ತಾಗ ಹೋದ್ರ ಬಾಗಲಾ ತೆಗದು ನೋಡಾಕಿ ನೀ."

ಅಂದಾಕಿನೇ ಹೊರಗ ಹೋಗಿ ಖೋಲಿ ಬಾಗಲಾ ಎಳಕೊಂಡ್ಲು. ಚಿಲಕ ಬಿದ್ದ ಸಪ್ಪಳ ಕೇಳ್ತು. ನನಗ ಸಿಟ್ಟು ಬಂತು, ನಗುನೂ ಬಂತು. ಇರಲಿ ಬಿಡು, ಮುದುಕಿ ಸಮಾಧಾನ ಅಂತ ಸುಮ್ಮನ ಅಡ್ಡಾದೆ.

ಮಳಿ ಎಷ್ಟು ಹೊತ್ತು ಹೊಡೀತೋ ಗೊತ್ತಿಲ್ಲ. ಮ್ಯಾಲ ಯಾರೋ ಕಲ್ಲು ಸುರುವಿದಂಗ ಆಗಾಕತ್ತಿತ್ತು. ಮಾಳಿಗಿ ಸೋರಿ ನೀರು ಹಾಸಿಗಿ ಮ್ಯಾಲ ಬಿತ್ತು. ಆಮ್ಯಾಲ ಒಮ್ಮೆಲೇ ನಿಂತಿತು. ಗುಡುಗು ದೂರ ಸರೀತು. ಅಬ್ಬಾ, ಮುಗೀತು ಅಂತ ನಾ ಎದ್ದು ಬಾಗಲಾ ಬಡದೆ. "ಅತ್ತಿ, ಚಿಲಕ ತೆಗೀರಿ."

ಹೊರಗಿಂದ ಆಕಿ ದನಿ ಬಂತು. ಹಬ್ಬದ ದನಿ ಅದು. "ಬಂದಾಳ ಬೇ! ಹೊಳಿ ತಾಯಿ ಬಂದಾಳ! ಕೆಂಪು ನೀರು, ನೊರಿ ಕಟ್ಟ್ಯಾದ. ನೀ ಒಳಗೇ ಇರು, ಇನ್ನೂ ಮಿಂಚಾಕತ್ತದ. ನಿನ್ನ ಕುಬಸದ ಖಣ ಹಾಕಿ ಉಡಿ ತುಂಬಿ ಬರ್ತೀನಿ."

ನನಗೂ ಆಗ ಏನೂ ಅನ್ನಿಸಲಿಲ್ಲ ಅಂದ್ರ ನಂಬ್ರಿ. ನಿಂಬರ್ಗಾದಾಕಿಗೆ ಹೊಳಿ ಏನು ಗೊತ್ತು! ಹೊಳಿ ವಿಷಯದಾಗ ಮಣ್ಣೂರಾಕಿ ಹೇಳಿದ್ದೇ ಖರೆ ಅಂತ ತಿಳದಾಕಿ ನಾ. ಕತ್ತಲಾಗ ಕಾಲು ಜಾರೀತು, ಕಂದೀಲು ಒಯ್ರಿ ಅಂತ ಒಳಗಿಂದ ಒದರಿದೆ. ಆಕಿ ಆಗಲೇ ಹೋಗಿದ್ಲು.

ಸ್ವಲ್ಪ ಹೊತ್ತಿಗೆ ಒಂದು ಸಪ್ಪಳ ಬರಾಕತ್ತಿತು. ಮೊದಲ ಗುಡುಗು ಅಂದ್ಕೊಂಡೆ. ಗುಡುಗು ಆದ್ರ ನಿಲ್ಲಬೇಕಲ್ಲ? ಇದು ನಿಲ್ಲವಲ್ದು. ಗುಡ್ಡದ ಕಡಿಯಿಂದ ಒಂದೇ ಸಮನ, ಗೂಡ್ಸ್ ಗಾಡಿ ಬಂದಂಗ. ನೆಲ ನನ್ನ ಅಂಗಾಲಿಗೆ ಗುಂಯ್ ಅನ್ನಾಕತ್ತಿತು. ಅಷ್ಟರಾಗ ಹೊರಗ ಬಾಜೂ ಮನಿ ಹೆಣ್ಮಗಳು ಚೀರೋದು ಕೇಳ್ತು. ಯಾರನ್ನೋ ಕರದಂಗ, ಬೈದಂಗ. ಮತ್ತ ನಮ್ಮತ್ತಿ ದನಿ ದೂರದಿಂದ: "ಪೂಜಿ ಮಾಡಾಕತ್ತೀನಿ, ನಿನಗೇನು ತ್ರಾಸು? ನಿಮ್ಮ ದೇವರಿಗೆ ನಾ ಅಡ್ಡ ಬಂದೀನೇನು?" ಆಕಿ ಪೂಜಿ ಬ್ಯಾಡ ಅನ್ನಾಕತ್ತಾಳ ಅಂತ ಈಕಿ ತಿಳದಿದ್ಲು.

ನಾ ಬಾಗಲಾ ಗುದ್ದಾಕತ್ತಿದೆ. ಮುಷ್ಟಿಲೆ ಗುದ್ದಿದೆ, ಹೆಗಲಿಲೆ ಗುದ್ದಿದೆ. ಓಡಿ ಬಂದ ಹೆಜ್ಜಿ ಸಪ್ಪಳ ಆತು, ಚಿಲಕ ತೆಗೀತು. ಆ ಹೆಣ್ಮಗಳು ನಿಂತಿದ್ಲು, ಪೂರಾ ತೊಯ್ದು, ಕೈಯಾಗ ಬ್ಯಾಟರಿ. "ನಿನ್ನ ಅತ್ತಿ ನಡು ಹೊಳ್ಯಾಗ ನಿಂತಾಳ," ಅಂದ್ಲು ಉರ್ದುದಾಗ. "ಗುಡ್ಡದ ನೀರು ಬರಾಕತ್ತದ. ಗ್ವಾಡಿ ಬಂದಂಗ ಬರ್ತದ ಅದು. ನನ್ನ ಮಾತು ಆಕಿ ಕೇಳವಲ್ಲಳು. ನೀ ಕರಿ, ಲಗು!"

ಓಡಿದೆ. ಬಸರಿ, ಬರಿಗಾಲು. ಹಿತ್ತಲ ಬಾಗಲಾ ದಾಟಿದ್ದು ಒಂದು ಗೊತ್ತು. ಮಿಂಚಿತು, ಕಂಡ್ಲು. ಉರುಟು ಕಲ್ಲಿನ ನಡುವ ಕಾಲಿನ ಹರಡು ಮುಳುಗೋ ನೀರು, ಅದರ ನಟ್ಟನಡುವ ನಮ್ಮತ್ತಿ. ಸೆರಗು ಸೊಂಟಕ್ಕ ಸಿಗಿಸಿ, ಬಗ್ಗಿ, ನೀರಾಗ ಖಣ ಬಿಡಾಕತ್ತಿದ್ಲು. ಆ ಗೂಡ್ಸ್ ಗಾಡಿ ಸಪ್ಪಳ ಆಕಿಗೆ ಕೇಳಿಸಿರಲೇಬೇಕು. ಗುಡುಗು ಅಂತಲೇ ತಿಳದಿದ್ಲು. ಹೊಳಿಗೆ ಅಂಥಾ ಸಪ್ಪಳ ಇರ್ತದಂತ ಆಕಿಗೆ ಹೆಂಗ ಗೊತ್ತಾಗಬೇಕು?

"ಅತ್ತಿ, ಹೊರಗ ಬರ್ರಿ! ನೀರು ಬರಾಕತ್ತದ್ರಿ!"

"ಬರಲಿ, ಬರಲಿ. ಪಾದಕ್ಕ ಬಂದ್ರ ಸರೀತೀನಿ. ನೀ ಯಾಕ ಬಂದಿ? ಮಿಂಚು ನೋಡಬ್ಯಾಡ ಅಂದೀನಿಲ್ಲ?"

ನಾ ನೀರಾಗ ಇಳದೆ. ಕಲ್ಲು ಜಾರ್ತಿದ್ವು. ಕೈ ಹಿಡದು ಎಳದೆ, ಆಕಿ ಕೊಡವಿಕೊಂಡ್ಲು. "ಇನ್ನೂ ಐದು ಬೊಗಸಿ ಅಕ್ಕಿ ಹಾಕಿಲ್ಲ, ತಡಿ!" ಅಂದ್ಲು. ಅಷ್ಟರಾಗ ಗಾಳಿ ಬಂತು ನೋಡ್ರಿ. ಮಳಿ ಗಾಳಿ ಅಲ್ಲ. ತಣ್ಣಗ, ಹಸಿ ಮಣ್ಣಿನ ವಾಸನಿ ಹೊತ್ತು, ಮುಖಕ್ಕ ಬಡಿಯೋ ಗಾಳಿ. ನೀರಿಗಿಂತ ಮುಂದ ನೀರು ದೂಡಿದ ಗಾಳಿ ಅದು. ಅತ್ತಿ, ಸೊಸಿ, ಮಾನ, ಮರ್ಯಾದಿ, ಒಂದೂ ಉಳೀಲಿಲ್ಲ ನನ್ನ ತಲ್ಯಾಗ.

"ಬಾ ಬೇ ಮುದುಕಿ!" ಅಂದೆ. ಅಂದು, ಆಕಿ ತುರುಬು ಹಿಡದೆ. ಬುಡಕ್ಕ ಕೈ ಹಾಕಿ, ಮುಷ್ಟಿ ಬಿಗಿದು, ಎಳದೆ. ಆಕಿ ಬಿದ್ಲು. ಬಿದ್ರೂ ಬಿಡಲಿಲ್ಲ. ಕಲ್ಲಿನ ಮ್ಯಾಲ ದರದರ ಎಳಕೊಂಡು ನಡದೆ. "ಸತ್ತೆ, ಸತ್ತೆ, ಬಿಡಽ ರಂಡಿ" ಅಂತ ಚೀರಾಕತ್ತಿದ್ಲು. ಆಕಿ ಕೈಯಾಗಿನ ಉಡಿ ಸಾಮಾನಿನ ತಾಟು ಎಲ್ಲಿ ಬಿತ್ತೋ. ದಂಡಿ ಮ್ಯಾಲಿಂದ ಬಲೂಚಿ ಹೆಣ್ಮಗಳು ಬಗ್ಗಿ ಒಂದು ಕೈ ಕೊಟ್ಲು. ಆಕಿ ನನ್ನ ಎಳದ್ಲು, ನಾ ಅತ್ತಿನ್ನ ಎಳದೆ. ಮೂರೂ ಮಂದಿ ಮ್ಯಾಲ ಬಂದು ಬಿದ್ವಿ.

ಆಗ ಬಂತು. ಮಿಂಚಿನ ಬೆಳಕಿನ್ಯಾಗ ನೋಡೀನಿ, ಸುಳ್ಳು ಹೇಳಂಗಿಲ್ಲ. ನೀರು ಅಂತ ಅನ್ನಾಕ ಆಗಂಗಿಲ್ಲ ಅದನ್ನ. ಆಳೆತ್ತರ ಕರಿ ಗ್ವಾಡಿ. ಅದರಾಗ ಗಿಡ, ಕಲ್ಲು, ಡ್ರಮ್ಮು. ನಡು ಹೊಳ್ಯಾಗ ನಿಲ್ಲಿಸಿದ್ದ ಒಂದು ಪಿಕಪ್ ಗಾಡಿ ಬೆಂಕಿಪೆಟ್ಟಿಗಿ ಹಂಗ ಪಲ್ಟಿ ಹೊಡೀತು. ಅದರ ದೀಪ ಒಮ್ಮೆ ಹತ್ತಿತು, ಆರಿತು. ಅತ್ತಿ ಬಗ್ಗಿ ನಿಂತಿದ್ದ ಜಾಗ ಯಾವುದು ಅಂತ ಹುಡುಕಿದೆ. ಜಾಗಾನೇ ಇರ್ಲಿಲ್ಲ. ಆಡು ಒದರೋ ದನಿ ಒಂದು ಸಲ ಬಂತು, ಮತ್ತ ಬರ್ಲಿಲ್ಲ.

ಆ ಆಡು ಬಾಜೂ ಮನಿಯಾಕಿವು. ಹೊಳ್ಯಾಗೇ ಕಟ್ಟಿದ್ಲು. ಗುಡ್ಡದ ಸಪ್ಪಳ ಎಲ್ಲಾರಕ್ಕಿಂತ ಮೊದಲ ಕೇಳಿದಾಕಿ ಆಕಿ. ಅವುಗಳ ಹಗ್ಗ ಬಿಚ್ಚಾಕ ಆಕಿಗೆ ಹೊತ್ತು ಇತ್ತು. ಆ ಹೊತ್ತು ನಮ್ಮ ಚಿಲಕ ತೆಗಿಯಾಕ ಹೋತು. ನಾ ಆಕಿ ಮುಖ ನೋಡಿದೆ. ಆಕಿ ಹೊಳಿ ಕಡಿ ನೋಡ್ತಾ ತುಟಿ ಅಲುಗಾಡಿಸ್ತಿದ್ಲು. ಇವತ್ತಿಗೂ ಆಕಿಗೆ ಏನು ಹೇಳಬೇಕಿತ್ತು ಅನ್ನೋದು ನನಗ ತಿಳಿದಿಲ್ಲ.

ನೀರು ನಮ್ಮ ಹಿತ್ತಲಕ್ಕ ನುಗ್ಗಿತು. ಆಕಿ ಮನಿ ಎತ್ತರದಾಗ ಇತ್ತು, ನಮ್ಮಿಬ್ಬರನ್ನೂ ಅಲ್ಲಿಗೆ ಕರಕೊಂಡು ಹೋದ್ಲು. ಒಣ ಅರಬಿ ಕೊಟ್ಲು, ಕಪ್ಪು ಚಾ ಕೊಟ್ಲು. ಗ್ವಾಡಿಗೆ ಬೆನ್ನು ಹಚ್ಚಿ ಕುಂತ್ವಿ. ಕೂಸು ಅಲುಗಾಡವಲ್ದು ಅಂತ ಹೊಟ್ಟಿ ಒತ್ತಿ ಒತ್ತಿ ನೋಡಿದೆ. ಕಡೀಗೆ ಒಂದು ಸಲ ಒದೀತು. ಆಗ ಗಳಗಳ ಅತ್ತುಬಿಟ್ಟೆ.

ಅಷ್ಟು ಬಾಯಿ ಇದ್ದ ಅತ್ತಿ ಬಾಯಿ ಬಿಡಲಿಲ್ಲ. ಮೊಳಕೈ ತರಚಿತ್ತು, ತುರುಬು ಬಿಚ್ಚಿ ಬೆಳ್ಳನ ಕೂದಲು ಮುಖದ ಮ್ಯಾಲ ಬಿದ್ದಿತ್ತು. ಅದನ್ನ ಸರಿಸಿಕೊಳ್ಳಲಿಲ್ಲ. ನೆಟ್ಟ ಕಣ್ಣು ನೆಟ್ಟಂಗ ಬಾಗಲಾ ನೋಡ್ತಾ ಕುಂತಿದ್ಲು.

ನೀರಿನ ಭಯ ಇಳದಂಗ ನನಗ ಇನ್ನೊಂದು ಭಯ ಏರಾಕತ್ತಿತು. ಅಯ್ಯೋ ದೇವರೇ, ನಾ ಏನು ಮಾಡಿದೆ? ಅತ್ತಿ ತುರುಬಿಗೆ ಕೈ ಹಾಕಿದೆ. ಮುದುಕಿ ಅಂದೆ. ನಮ್ಮ ಕಡೆ ಅತ್ತಿ ಮೈ ಮುಟ್ಟಿದ ಸೊಸಿ ಅಂದ್ರ ಏಳೂರಿಗೆ ಸುದ್ದಿ. ಬೆಳಗಾದ್ರ ಮಗ ಬರ್ತಾನ, ಈಕಿ ಹೇಳ್ತಾಳ. "ಅತ್ತಿ, ತಪ್ಪಾತ್ರಿ" ಅಂತ ಕಾಲು ಮುಟ್ಟಾಕ ಹೋದೆ. ಕಾಲು ಹಿಂದ ಎಳಕೊಂಡ್ಲು. ಮತ್ತ ನನ್ನ ಹೆರಳು ಹಿಡದ್ಲು. ನನ್ನ ಹೆರಳಿನ ತುದಿ ತನ್ನ ಕೈಗೆ ಒಂದು ಸುತ್ತು, ಎರಡು ಸುತ್ತು ಸುತ್ತಿಕೊಂಡು, ಬಿಗಿಯಾಗಿ ಹಿಡದ್ಲು. ತೀರಿಸಿಕೊಳ್ತಾಳ, ಎಳೀತಾಳ ಅಂತ ಕಣ್ಣು ಮುಚ್ಚಿ ಕುಂತೆ. ಎಳೀಲಿಲ್ಲ. ಬಿಡಲೂ ಇಲ್ಲ. ದೂರ ಎಲ್ಲ್ಯಾರೆ ಗುಡುಗು ಅಂದ್ರ ಸಾಕು, ಆಕಿ ಮುಷ್ಟಿ ಇನ್ನಷ್ಟು ಬಿಗಿ ಆಗ್ತಿತ್ತು. ನನ್ನ ನೆತ್ತಿ ಚುರುಚುರು ಅಂತಿತ್ತು. ಬಿಡ್ರಿ ಅಂತ ಕೇಳೋ ಧೈರ್ಯ ನನಗಿರ್ಲಿಲ್ಲ.

ನಮ್ಮ ಮನಿಯವರು ಆಚೀ ದಂಡಿ ಮ್ಯಾಲ ರಾತ್ರಿಯೆಲ್ಲಾ ನಿಂತಿದ್ರಂತ. ಕರೆಂಟ್ ಇಲ್ಲ, ಈಚೀ ದಂಡಿ ಕಾಣವಲ್ದು. ನಡುವ ಆ ನೀರು. ಬೆಳಗಾಗಿ ನೀರು ಇಳದಮ್ಯಾಲ ನಾಕು ಮಂದಿ ಹಗ್ಗ ಹಿಡದು ದಾಟಿಸಿದ್ರು. ನಮ್ಮ ಮನ್ಯಾಗ ಮೊಳಕಾಲ ಮಟ ಕೆಸರು, ಖೋಲಿ ಬಾಗಲಾ ತೆಗದದ, ಒಳಗ ಯಾರೂ ಇಲ್ಲ. ಅದನ್ನ ನೋಡಿ ಅವರು ಹೊಸ್ತಿಲದಾಗೇ ಕುಸದು ಕುಂತಿದ್ರಂತ. ಬಾಜೂ ಮನಿಯಾಕಿನೇ ಹೋಗಿ ಕರಕೊಂಡು ಬಂದ್ಲು.

ಬಾಗಲದಾಗ ನಿಂತ್ರು. ಇಬ್ಬರನ್ನೂ ನೋಡಿದ್ರು. ಆಮ್ಯಾಲ ನನ್ನ ತಲಿ ಒಂದು ಕಡಿ ವಾಲಿದ್ದು ಕಂಡ್ರು, ತಮ್ಮವ್ವನ ಮುಷ್ಟಿ ಕಂಡ್ರು. ನಾ ನೆಲ ನೋಡಿದೆ. ಈಗ ಹೇಳ್ತಾಳ, ಮುಗೀತು ಅಂದ್ಕೊಂಡೆ.

"ಯವ್ವಾ," ಅಂದ್ರು ಅವರು, ಹತ್ರ ಬಂದು ಕುಂತು. "ಆಕಿ ಹೆರಳು ಬಿಡು. ಆಕಿಗೆ ನೋಯ್ತದ."

ಅತ್ತಿ ರಾತ್ರಿಯಿಂದ ಮೊದಲ ಸಲ ಬಾಯಿ ತೆರದ್ಲು.

"ನೋಯ್ಲಿ," ಅಂದ್ಲು. "ಬಿಟ್ರ ಹೋಗ್ತಾಳ."